ಒಂದು ಬೂಚು ಕಡಿಮೆ

ಬೂಚಣ್ಣನನ್ನು ಮೊದಲ ಸಲ ಕಂಡದ್ದು ತರಕಾರಿ ಅಂಗಡಿಯಲ್ಲಿ. ಬೆಳಗಿನ ಹೊತ್ತು. ನಾಲ್ಕಾರು ಜನ ಚೀಲ ಹಿಡಿದು ಸಾಲಿನಲ್ಲಿ ನಿಂತಿದ್ದರು. ಎಲ್ಲರಿಗಿಂತ ಮುಂದಿದ್ದ ಕುಳ್ಳನೆಯ ಮನುಷ್ಯನೊಬ್ಬ ಅಂಗಿಯ ಜೇಬಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದ. ಯಂತ್ರದ ಭಾಗಗಳ ದಪ್ಪವನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯುವ ಉಕ್ಕಿನ ಸಾಧನ ಅದು. ಅದನ್ನು ಒಂದೊಂದೇ ಕ್ಯಾರೆಟ್ಟಿನ ಸೊಂಟಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಒಂದನ್ನು ಬುಟ್ಟಿಗೆ ಹಾಕಿಕೊಳ್ಳುತ್ತ ಇನ್ನೊಂದನ್ನು ತಿರಸ್ಕರಿಸುತ್ತ ನಿಂತ.

“ಅಣ್ಣಾ, ಇವತ್ತು ಅಡುಗೆಗಾ, ಎಂಜಿನ್ನಿಗಾ? ಮೊದಲೇ ಹೇಳ್ಬಿಡು,” ಎಂದಳು ಅಂಗಡಿಯಾಕೆ.

“ಎಂಜಿನ್ನಿಗೆ ಕಣಮ್ಮ. ಇದ್ಯಾಕೆ ಇಷ್ಟು ಸೊಟ್ಟಗಿದೆ?”

“ಮಣ್ಣಲ್ಲಿ ಬೆಳೆದದ್ದು ಕಣಣ್ಣ. ಲೇತ್ ಮಿಷನ್ನಲ್ಲಿ ಕಡೆದದ್ದಲ್ಲ.”

“ಹಿಂದೆ ನಿಂತವರ ಮನೇಲೂ ಒಲೆ ಹತ್ತಬೇಕು ಸ್ವಾಮಿ!” ಎಂದು ಸಾಲಿನಿಂದ ಯಾರೋ ಕೂಗಿದರು. ಅವನು ತಿರುಗಿ, ಬಹಳ ವಿನಯದಿಂದ, “ಇನ್ನೊಂದೇ ಒಂದು ಬೇಕು, ಹನ್ನೆರಡು ಮಿಲಿಮೀಟರಿಂದು,” ಎಂದ. ಕೂಗಿದವರು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು.

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಕಾಗದಪತ್ರಗಳಲ್ಲಿ ಉಳಿದು, ಬಾಯಲ್ಲಿ ಸತ್ತುಹೋಗಿತ್ತು. ಬಾಟಲಿಯ ಬಾಯಿಗೆ ಒತ್ತುವ ಬೂಚು ಇದೆಯಲ್ಲ, ಅದರಿಂದ ಅವನು ಎಲ್ಲರಿಗೂ ಬೂಚಣ್ಣ. ಆ ಹೆಸರು ಅವನಿಗೆ ಬಂದದ್ದು ಅವನ ಕೆಲಸದಿಂದ.

ಅವನ ಹೆಂಡತಿಯ ಅಣ್ಣನಿಗೆ ಒಂದು ದೊಡ್ಡ ತಗಡಿನ ಶೆಡ್ಡಿತ್ತು. ತಾತಂದಿರ ಕಾಲದ ಕಾರುಗಳು ಸೀಟಿನ ಮೇಲೆ ಕೋಳಿ ಮೊಟ್ಟೆಯಿಟ್ಟಿರುವ ಸ್ಥಿತಿಯಲ್ಲಿ ಅಲ್ಲಿಗೆ ಬರುತ್ತಿದ್ದವು. ಮದುಮಗನ ಹಾಗೆ ಹೊಳೆಯುತ್ತ ಹೊರಗೆ ಹೋಗುತ್ತಿದ್ದವು. ಎಂಜಿನ್ನಿನ ಒಳಗಿನ ಕೆಲಸವೆಲ್ಲ ಭಾವನ ಪಾಲು, ಹೊರಗಿನದೆಲ್ಲ ಬೂಚಣ್ಣನ ಪಾಲು. ಭಾವ ಬಿಚ್ಚಿ ಕೊಟ್ಟ ಭಾಗಗಳನ್ನು ಇವನು ಸೀಮೆಎಣ್ಣೆಯಲ್ಲಿ ಅದ್ದಿ ಜಿಡ್ಡು ಬಿಡಿಸುವನು. ನುಣ್ಣನೆಯ ಗಾಜಿನ ಪುಡಿಯನ್ನು ಗಾಳಿಯ ರಭಸದಲ್ಲಿ ಊದಿ ತುಕ್ಕು ಕಳೆಯುವನು. ಎರಕದ ಕಬ್ಬಿಣಕ್ಕೆ ಬಿಸಿ ತಡೆಯುವ ಬಣ್ಣ ಹೊಡೆದು, ಮುಚ್ಚಿಹೋದ ಬೇಕರಿಯೊಂದರಿಂದ ತಂದ ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುವನು. ಅಲ್ಯೂಮಿನಿಯಂ ಮುಚ್ಚಳಗಳನ್ನು ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು, ತನ್ನ ಮೀಸೆಯ ಬಿಳಿಕೂದಲು ಕಾಣುವವರೆಗೆ ಉಜ್ಜುವನು. ಬಣ್ಣ ತಾಗಬಾರದ ನುಣುಪು ಜಾಗಗಳಿಗೆ ಎಣ್ಣೆ ಸವರಿ, ಎಣ್ಣೆಕಾಗದ ಸುತ್ತಿ, ಹಸುಗೂಸನ್ನು ಮಲಗಿಸಿದ ಹಾಗೆ ಕಪಾಟಿನಲ್ಲಿ ಮಲಗಿಸುವನು. ಅವುಗಳ ಹತ್ತಿರ ಯಾರಾದರೂ ಸೀನಿದರೆ ಅವನ ಮುಖ ಬಾಡುತ್ತಿತ್ತು.

ಎಂಜಿನ್ನೆಂದರೆ ಮುಕ್ಕಾಲು ಪಾಲು ತೂತು. ನೀರು ಹೋಗುವ ತೂತು, ಎಣ್ಣೆ ಹರಿಯುವ ತೂತು, ಗಾಳಿ ಎಳೆಯುವ ತೂತು, ತಿರುಪುಮೊಳೆ ಕೂರುವ ತೂತು. ಗಾಜಿನ ಪುಡಿ ಊದುವಾಗ, ಬಣ್ಣ ಹೊಡೆಯುವಾಗ ಅವುಗಳೊಳಗೆ ಒಂದು ಕಣವೂ ಹೋಗಕೂಡದು. ಹೋದರೆ ಎಂಜಿನ್ನಿನ ಕಥೆ ಮುಗಿಯಿತು. ಬೂಚಣ್ಣ ಮೊದಮೊದಲು ರಬ್ಬರಿನ ಬೂಚು ಹಾಕಿ ನೋಡಿದ. ಒಲೆಯಲ್ಲಿ ಕರಗಿ ಅಂಟಿಕೊಂಡಿತು. ಮರದ ಬೆಂಡು ಹಾಕಿದ. ಪುಡಿಪುಡಿಯಾಗಿ ಒಳಗೇ ಉದುರಿತು. ಮೇಣದ ಗತಿಯನ್ನು ಹೇಳುವುದೇ ಬೇಡ. ಹೀಗೆ ಸೋತು, ತಲೆಯ ಮೇಲೆ ಕೈ ಹೊತ್ತು ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಒಂದು ದಿನ ಹೆಂಡತಿ ಹೆಚ್ಚುತ್ತಿದ್ದ ಕ್ಯಾರೆಟ್ಟೊಂದು ಉರುಳಿ ಅವನ ಕಾಲ ಬಳಿ ಬಂತು. ಅದನ್ನೆತ್ತಿ ನೋಡಿದವನು ಚಪ್ಪಲಿಯನ್ನೂ ಮೆಟ್ಟದೆ ಶೆಡ್ಡಿಗೆ ಓಡಿದ.

ಕ್ಯಾರೆಟ್ ಅದ್ಭುತವಾಗಿ ಕೆಲಸ ಮಾಡಿತು. ಹಸಿಯಾಗಿದ್ದಾಗ ತೂತಿನಲ್ಲಿ ಬಿಗಿಯಾಗಿ ಕೂರುತ್ತದೆ. ಒಲೆಯೊಳಗೆ ಒಣಗಿ, ಸುಕ್ಕುಗಟ್ಟಿ, ತಾನಾಗಿಯೇ ಉದುರಿಬಿಡುತ್ತದೆ. ಬೂಚಣ್ಣ ಅದಕ್ಕೊಂದು ಶಾಸ್ತ್ರವನ್ನೇ ಬೆಳೆಸಿದ. ಸಣ್ಣ ತೂತಿಗೆ ಕ್ಯಾರೆಟ್, ದೊಡ್ಡದಕ್ಕೆ ಮೂಲಂಗಿ, ಕಾರ್ಬ್ಯುರೇಟರಿನ ಬಾಯಿಗೆ ಆಲೂಗೆಡ್ಡೆ. ಬೀಟ್ರೂಟ್ ಸರ್ವಥಾ ನಿಷಿದ್ಧ, ಅದು ಅಲ್ಯೂಮಿನಿಯಮ್ಮಿಗೆ ಕೆಂಪು ಬಣ್ಣ ಹತ್ತಿಸುತ್ತದೆ. ಸೌತೆಕಾಯಿ ನಂಬಿಕೆಗೆ ಅರ್ಹವಲ್ಲ. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ ಪ್ರತಿ ಬೂಚಿಗೂ ಅಣಬೆಯ ಹಾಗೆ ಒಂದು ಅಗಲವಾದ ತಲೆಯಿರಬೇಕು. ತಲೆಯಿದ್ದರೆ ತೂತಿನ ಅಂಚಿನಲ್ಲಿ ತಡೆದು ನಿಲ್ಲುತ್ತದೆ. ಇಲ್ಲದಿದ್ದರೆ ಜಾರಿ ಒಳಗೆ ಹೋಗುತ್ತದೆ.

ಸಂಜೆ ಮನೆಯಲ್ಲಿ ಕೂತು ಬೂಚುಗಳನ್ನು ಕೆತ್ತುವನು. ಅದಕ್ಕಾಗಿ ಎಂಜಿನ್ನಿಗೆ ಬೇಕಾದಷ್ಟೇ ತೂತು ಕೊರೆದ ಒಂದು ಹಲಗೆಯಿತ್ತು. ಹಲಗೆಯ ತೂತೆಲ್ಲ ತುಂಬಿದರೆ ಬೂಚು ಸಾಕು ಎಂದು ಲೆಕ್ಕ. ಆಮೇಲೆ ಅವನ್ನು ಒದ್ದೆಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಫ್ರಿಜ್ಜಿನಲ್ಲಿ ಇಡುವನು. ಕೆಲಸ ಮುಗಿದ ಮೇಲೆ ಒಣಗಿ ಉದುರಿದವನ್ನೆಲ್ಲ ಆರಿಸಿ ಮತ್ತೆ ಅದೇ ಹಲಗೆಗೆ ಚುಚ್ಚುವನು. ಹಲಗೆ ಮತ್ತೆ ತುಂಬಿತೆಂದರೆ ಎಂಜಿನ್ನಿನೊಳಗೆ ಏನೂ ಉಳಿದಿಲ್ಲವೆಂದು ಅರ್ಥ. ಅಲ್ಲಿಯವರೆಗೆ ಭಾವನಿಗೆ ಒಂದು ಮೊಳೆಯನ್ನೂ ಮುಟ್ಟಲು ಬಿಡುತ್ತಿರಲಿಲ್ಲ.

ಭಾವನೂ ಈ ವಿಷಯದಲ್ಲಿ ಕಟ್ಟುನಿಟ್ಟು. ಬೂಚಣ್ಣನಿಗಿಂತ ಮೊದಲು ಅಲ್ಲಿ ಬಣ್ಣದ ಕೆಲಸ ಮಾಡುತ್ತಿದ್ದವನು ತೂತಿಗೆ ತುರುಕಿದ ಬಟ್ಟೆಯ ತುಂಡೊಂದನ್ನು ಒಳಗೇ ಮರೆತಿದ್ದ. ಎಂಜಿನ್ನು ಸುಟ್ಟುಹೋಯಿತು. ಭಾವ ಅವನನ್ನು ಅಂದೇ ಬಾಗಿಲಿಂದಾಚೆ ಕಳಿಸಿ, “ಇನ್ನು ಯಾರೇ ಆಗ್ಲಿ, ಒಳಗೆ ಏನಾದ್ರೂ ಬಿಟ್ರೆ ಬೀರುಗಳಿಗೆ ಬಣ್ಣ ಹೊಡ್ಕೊಂಡಿರ್ಲಿ!” ಎಂದು ಶೆಡ್ಡು ಅದುರುವ ಹಾಗೆ ಘೋಷಿಸಿದ್ದ. ಆ ಮನುಷ್ಯ ನಿಜವಾಗಿಯೂ ಈಗ ಕಬ್ಬಿಣದ ಬೀರುಗಳಿಗೆ ಬೂದುಬಣ್ಣ ಹೊಡೆಯುತ್ತಾನೆ. ಬೂಚಣ್ಣ ಆ ದಾರಿಯಲ್ಲಿ ಹೋಗುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದ. ಬೀರುವಿಗೆ ಇರುವುದು ಬೀಗದ ಕೈಯ ಒಂದೇ ಒಂದು ತೂತು. ಅಂಥ ಬಾಳನ್ನು ಅವನು ಕನಸಿನಲ್ಲಿಯೂ ನೆನೆಯಲಾರ.

ಹೀಗಿರುವಾಗ ಹಲ್ಲಿನ ಡಾಕ್ಟರೊಬ್ಬರ ಕಾರು ಬಂತು. ಅವರ ತಂದೆ ಓಡಿಸುತ್ತಿದ್ದ ಕಾರು. ಡಾಕ್ಟರಿಗೆ ಎಲ್ಲಿಲ್ಲದ ಆತುರ. ದಿನ ಬೆಳಗಾದರೆ ಶೆಡ್ಡಿಗೆ ಬಂದು, “ಇನ್ನೂ ಎಷ್ಟು ದಿನ?” ಎನ್ನುವರು. ಭಾವ ಅವರ ರೋಗಿ. ಎಡಗಡೆಯ ದವಡೆ ಹಲ್ಲನ್ನು ತೆಗೆಸಿಕೊಳ್ಳದೆ ವರ್ಷದಿಂದ ತಪ್ಪಿಸಿಕೊಂಡು ತಿರುಗುತ್ತಿದ್ದ. ಡಾಕ್ಟರು ಒಂದು ಕಣ್ಣನ್ನು ಎಂಜಿನ್ನಿನ ಮೇಲೆ, ಇನ್ನೊಂದನ್ನು ಭಾವನ ದವಡೆಯ ಮೇಲೆ ಇಟ್ಟುಕೊಂಡೇ ಮಾತಾಡುತ್ತಿದ್ದರು. ಆ ನೋಟವನ್ನು ತಾಳಲಾರದೆ ಭಾವ ಅವಸರ ಮಾಡಿದ. ಬೂಚು ಒತ್ತುವ ದಿನವೇ ಬೂಚಣ್ಣನ ಬೆನ್ನ ಹಿಂದೆ ನಿಂತು, “ಬೇಗ ಬೇಗ” ಎಂದು ಚುಚ್ಚಿದ. ಬಣ್ಣ ಬೆಂದು ಎಂಜಿನ್ನು ಇನ್ನೂ ಬೆಚ್ಚಗಿರುವಾಗಲೇ ಒಲೆಯಿಂದ ಎಳೆದುಕೊಂಡು ಹೋಗಿ ಜೋಡಿಸತೊಡಗಿದ. ಒಣಗಿದ ಬೂಚುಗಳನ್ನು ಗುಡಿಸಿ ತಗಡಿನ ಡಬ್ಬಿಯೊಂದಕ್ಕೆ ತುಂಬಿಟ್ಟದ್ದಷ್ಟೇ ಬಂತು. ಬೂಚಣ್ಣನಿಗೆ ಮುಚ್ಚಳಗಳನ್ನು ಉಜ್ಜುವ ಕೆಲಸ ಬೆಟ್ಟದಷ್ಟಿತ್ತು. ಹಲಗೆಯ ನೆನಪೇ ಆಗಲಿಲ್ಲ.

ನೆನಪಾದದ್ದು ಎಂಜಿನ್ನು ಸ್ಟಾರ್ಟ್ ಮಾಡಬೇಕಾದ ದಿನದ ಹಿಂದಿನ ಸಂಜೆ. ಮನೆಯ ಜಗಲಿಯ ಮೇಲೆ ಕೂತು, ಡಬ್ಬಿ ಸುರಿದುಕೊಂಡು, ಒಂದೊಂದಾಗಿ ಹಲಗೆಗೆ ಚುಚ್ಚುತ್ತ ಬಂದ. ಡಬ್ಬಿ ಖಾಲಿಯಾಯಿತು. ಹಲಗೆಯಲ್ಲಿ ಒಂದು ತೂತು ಖಾಲಿ ಉಳಿಯಿತು.

ಡಬ್ಬಿಯನ್ನು ತಲೆಕೆಳಗೆ ಮಾಡಿ ಬಡಿದ. ಅಂಗಿ ಕೊಡವಿದ. ಮತ್ತೆ ಎಲ್ಲವನ್ನೂ ಕಿತ್ತು ಇನ್ನೊಂದು ತುದಿಯಿಂದ ಚುಚ್ಚಿದ. ಈಗ ಬೇರೆ ತೂತು ಖಾಲಿ ಉಳಿಯಿತು, ಅಷ್ಟೇ ವ್ಯತ್ಯಾಸ. ಆ ಒಂದು ಬೂಚು ಎಣ್ಣೆಯ ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ, ನಾಳೆ ಎಂಜಿನ್ನು ನಾಲ್ಕು ಮಾತು ಆಡಿ, ಎಣ್ಣೆ ಸಿಗದೆ ಒಳಗೇ ಸುಟ್ಟು ಸಾಯುತ್ತದೆ. ಅದರ ಜೊತೆಗೆ ಬೂಚಣ್ಣನ ಉದ್ಯೋಗವೂ ಸಾಯುತ್ತದೆ. ಕಣ್ಣ ಮುಂದೆ ಬೂದುಬಣ್ಣದ ಬೀರುಗಳ ಸಾಲೊಂದು ಬಾಗಿಲು ತೆರೆದು ಕರೆಯಿತು.

ಉಳಿದಿದ್ದ ಆಸೆ ಒಂದೇ. ಆ ಬೂಚು ಎಂಜಿನ್ನಿಗೆ ಹೋಗುವ ಮೊದಲೇ, ಫ್ರಿಜ್ಜಿನಲ್ಲಿದ್ದಾಗ, ಯಾರಾದರೂ ತಿಂದಿರಬಹುದಲ್ಲ?

ಊಟಕ್ಕೆ ಕೂತಾಗ ಕೇಳಿಯೇಬಿಟ್ಟ. “ಒಂದು ಬೂಚು ಕಡಿಮೆ ಬರ್ತಿದೆ. ಡಬ್ಬಿಯಿಂದ ಯಾರಾದ್ರೂ ತಿಂದ್ರಾ? ಬೈಯೋದಿಲ್ಲ. ತಿಂದಿದ್ರೆ ಕೈ ಮುಗೀತೀನಿ.”

ಅವನ ತಾಯಿ ಮಗನ ಮುಖ ನೋಡಿದಳು. ಆ ಮುಖದಲ್ಲಿ ರಕ್ತವಿರಲಿಲ್ಲ. “ನಾನೇ ತಿಂದೆ ಕಣೋ,” ಎಂದಳು.

“ಅಮ್ಮಾ! ನಿನ್ನ ಹೊಟ್ಟೆ ತಣ್ಣಗಿರ್ಲಿ!” ಬೂಚಣ್ಣ ಎರಡನೆಯ ಸಲ ಬಡಿಸಿಕೊಂಡು ಉಂಡ. ಕೈ ತೊಳೆಯುತ್ತ ಸಣ್ಣಗೆ ಶಿಳ್ಳೆ ಕೂಡ ಹಾಕಿದ.

ಪಾತ್ರೆ ತಿಕ್ಕುತ್ತಿದ್ದ ಹೆಂಡತಿ ತಲೆಯೆತ್ತದೆ ಕೇಳಿದಳು. “ರೀ, ಅತ್ತೆಗೆ ಈಗ ಹಲ್ಲು ಎಷ್ಟಿವೆ?”

“ಎರಡು.”

“ಮೇಲೊಂದು ಕೆಳಗೊಂದಾ?”

“ಎರಡೂ ಮೇಲೆ.” ಹೇಳುತ್ತಿದ್ದಂತೆಯೇ ಶಿಳ್ಳೆ ನಿಂತಿತು.

“ಎರಡೂ ಮೇಲಿರೋ ಹಲ್ಲಲ್ಲಿ ಹಸಿ ಕ್ಯಾರೆಟ್ ಹೇಗ್ರೀ ತಿಂತಾರೆ? ನಿಮಗೆ ಹೇಗೂ ಮಲಗಿದ ಮೇಲೆ ಹೊಳೆದು, ಎದ್ದು ಕೂತ್ಕೋತೀರಿ. ಅದಕ್ಕೇ ಈಗ್ಲೇ ಹೇಳ್ತೀನಿ. ತಿಂದದ್ದು ನಾನು.”

“ನೀನಾ? ಯಾವುದನ್ನ?”

“ಯಾವುದನ್ನ ಅಂದ್ರೆ? ಕ್ಯಾರೆಟ್ಟು.”

“ಎಷ್ಟು ದಪ್ಪ ಇತ್ತು?”

“ಒಂದು ತುತ್ತಿನಷ್ಟಿತ್ತು.”

“ಮಿಲಿಮೀಟರಲ್ಲಿ ಹೇಳೇ!”

“ನಾನು ತಿನ್ನೋದನ್ನೆಲ್ಲ ಅಳೆದು ತಿಂತೀನಾ? ನಿಮ್ಮ ಹಾಗಾ?” ಎಂದು ಅವಳು ಇನ್ನೂ ಏನನ್ನೋ ಹೇಳಲು ಬಾಯಿ ತೆರೆದು, ಗಂಡನ ಕಣ್ಣಿನಲ್ಲಿ ಆಸೆ ಚಿಗುರಿದ್ದನ್ನು ಕಂಡು, ಹೇಳದೆ ಪಾತ್ರೆಯನ್ನು ಜೋರಾಗಿ ತಿಕ್ಕಿದಳು.

ಒಳಕೋಣೆಯಿಂದ ತಾಯಿಯ ದನಿ ಬಂತು. “ಅವಳು ಸುಳ್ಳು ಹೇಳ್ತಾಳೆ ಕಣೋ! ನನ್ನನ್ನ ಉಳಿಸೋಕೆ ಹೇಳ್ತಿದ್ದಾಳೆ. ತಿಂದದ್ದು ನಾನೇ. ಚಪ್ಪರಿಸಿದೆ.”

“ಚಪ್ಪರಿಸೋಕೆ ಅದೇನು ಪೆಪ್ಪರ್ಮಿಂಟಾ ಅತ್ತೆ?”

“ನಿಧಾನಕ್ಕೆ ಚಪ್ಪರಿಸಿದೆ ಕಣೇ. ನಿನಗ್ಯಾಕೆ?”

ಬೂಚಣ್ಣ ಇಬ್ಬರ ನಡುವೆ ನಿಂತು ಕೂಗಿದ. “ಇಬ್ರೂ ತಿಂದಿದ್ರೆ ಎರಡು ಕಡಿಮೆ ಆಗ್ಬೇಕಿತ್ತು! ಕಡಿಮೆ ಇರೋದು ಒಂದು!”

ತಾಯಿ ಒಳಗಿನಿಂದಲೇ ಹೇಳಿದಳು. “ಹಾಗಾದ್ರೆ ಅರ್ಧರ್ಧ ತಿಂದ್ವಿ ಅಂತಿಟ್ಕೋ.”

ಒಬ್ಬರು ತಪ್ಪೊಪ್ಪಿಕೊಂಡಿದ್ದರೆ ನಂಬಬಹುದಿತ್ತು. ಇಬ್ಬರು ಒಪ್ಪಿಕೊಂಡದ್ದರಿಂದ ಇಬ್ಬರನ್ನೂ ನಂಬುವ ಹಾಗಿರಲಿಲ್ಲ. ಬೂಚಣ್ಣ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ ಬೆಳಗು ಮಾಡಿದ.

ಬೆಳಿಗ್ಗೆ ಗೇಟು ದಾಟುವಷ್ಟರಲ್ಲಿ ಎದುರುಮನೆಯ ಟೈಲರು ಅಡ್ಡ ಬಂದರು. ತಾಯಿ ಆಗಲೇ ಬೇಲಿಯ ಬಳಿ ನಿಂತು ಅವರೊಡನೆ ಏನನ್ನೋ ಪಿಸುಗುಟ್ಟಿ ಬಂದದ್ದನ್ನು ಅವನು ಕಂಡಿದ್ದ. ಟೈಲರು ಗಂಟಲು ಸರಿಮಾಡಿಕೊಂಡು, “ಬೂಚಣ್ಣಾ, ತಪ್ಪಾಯ್ತು. ನಿಮ್ಮ ಫ್ರಿಜ್ಜಲ್ಲಿದ್ದ ಕ್ಯಾರೆಟ್ ನಾನೇ ತಿಂದೆ,” ಎಂದರು.

“ನೀವು ನಮ್ಮ ಅಡುಗೆಮನೆಗೆ ಕಾಲೇ ಇಟ್ಟಿಲ್ವಲ್ಲ! ಯಾವತ್ತು ತಿಂದ್ರಿ?”

ಟೈಲರು ಯೋಚಿಸಿದರು. “ನಿಮಗೆ ಯಾವತ್ತು ಅನುಕೂಲವೋ ಆವತ್ತು.”

ಬೂಚಣ್ಣ ಅವರಿಗೆ ನಮಸ್ಕಾರ ಹೇಳಿ, ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದ. ಸುಮ್ಮನಿದ್ದುಬಿಟ್ಟರೆ ಹೇಗೆ ಎಂದು ದಾರಿಯಲ್ಲಿ ಯೋಚಿಸದೆ ಇರಲಿಲ್ಲ. ಎಂಜಿನ್ನು ಸುಟ್ಟರೂ ಕ್ಯಾರೆಟ್ಟೂ ಅದರ ಜೊತೆ ಸುಟ್ಟು ಬೂದಿಯಾಗುತ್ತದೆ, ಕೇಳುವವರಾರು? ಆದರೆ ನಿನ್ನೆಯಿಂದ ಮೂರು ಜನ ಅವನಿಗಾಗಿ ಸುಳ್ಳು ಹೇಳಿದ್ದರು. ನಾಲ್ಕನೆಯದನ್ನು ಇಡಲು ಅವನ ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ಶೆಡ್ಡಿನಲ್ಲಿ ಕಾರಿನ ಬಾನೆಟ್ ತೆರೆದಿತ್ತು. ಬಿಸಿಲು ಬಿದ್ದು ಎಂಜಿನ್ನು ಹಸಿರಾಗಿ ಹೊಳೆಯುತ್ತಿತ್ತು. ಮುಚ್ಚಳದಲ್ಲಿ ಡಾಕ್ಟರ ಮುಖ ಉಬ್ಬಿಕೊಂಡು ಕಾಣುತ್ತಿತ್ತು. ಭಾವ ಚಾಲಕನ ಸೀಟಿನಲ್ಲಿ ಕೂತು ಕೀಲಿಗೆ ಕೈ ಹಾಕಿದ್ದ. ಬೂಚಣ್ಣ ಓಡಿ ಹೋಗಿ ಕಾರಿನ ಮುಂದೆ ಎರಡೂ ಕೈ ಅಗಲಿಸಿ ನಿಂತ.

“ಭಾವಾ, ಸ್ಟಾರ್ಟ್ ಮಾಡ್ಬೇಡಿ!”

“ಯಾಕಯ್ಯಾ? ಯಾರು ಸತ್ರು?”

“ಯಾರೂ ಸತ್ತಿಲ್ಲ. ಒಂದು ಕ್ಯಾರೆಟ್ ಲೆಕ್ಕಕ್ಕೆ ಸಿಗ್ತಿಲ್ಲ.”

ಡಾಕ್ಟರು ತಲೆ ಕೆರೆದುಕೊಂಡರು. “ಕ್ಯಾರೆಟ್ ಅಂದ್ರೆ? ಗಾಡೀಲಿ ಯಾವ ಪಾರ್ಟು ಅದು?”

“ಪಾರ್ಟಲ್ಲ ಡಾಕ್ಟ್ರೇ. ತರಕಾರಿ.”

ಎಲ್ಲವನ್ನೂ ವಿವರಿಸಬೇಕಾಯಿತು. ತಮ್ಮ ತಂದೆಯ ಎಂಜಿನ್ನಿನ ಒಳಗೆ ಮೂಲಂಗಿ, ಆಲೂಗೆಡ್ಡೆಗಳೆಲ್ಲ ಹೋಗಿ ಬಂದಿವೆಯೆಂದು ತಿಳಿದು ಡಾಕ್ಟರು ಸಿಟ್ಟಾಗಲಿಲ್ಲ. ಅವರ ಮುಖ ಅರಳಿತು. “ಅದರಲ್ಲೇನಿದೆ? ನಾವೂ ಬಾಯಲ್ಲಿ ಹತ್ತಿ ಇಡ್ತೀವಿ. ಒಂದೊಂದು ಸಲ ಮರ್ತೂಬಿಡ್ತೀವಿ,” ಎಂದರು.

“ಡಾಕ್ಟ್ರೇ, ಅದನ್ನ ನನ್ನ ಮುಂದೆ ಹೇಳ್ಬೇಡಿ,” ಎಂದು ಭಾವ ಎಡಗೆನ್ನೆಯನ್ನು ಹಿಡಿದುಕೊಂಡ.

ಡಾಕ್ಟರು ಚೀಲದಿಂದ ಉದ್ದ ಹಿಡಿಯ ಪುಟ್ಟ ಕನ್ನಡಿ ತೆಗೆದರು. ಹಣೆಗೆ ದೀಪ ಕಟ್ಟಿಕೊಂಡರು. ಎಂಜಿನ್ನಿನ ಎಣ್ಣೆ ಸುರಿಯುವ ಬಾಯಿಗೆ ಕನ್ನಡಿಯನ್ನು ಇಳಿಬಿಟ್ಟು, ಬಗ್ಗಿ, ಅಭ್ಯಾಸಬಲದಿಂದ, “ಸ್ವಲ್ಪ ದೊಡ್ಡದಾಗಿ ಆ ಅನ್ನಿ,” ಎಂದರು.

“ಆ,” ಎಂದ ಬೂಚಣ್ಣ, ಉಸಿರು ಬಿಗಿಹಿಡಿದು ನಿಂತವನು, ತನಗೆ ಅರಿವಿಲ್ಲದೆ.

ಬಹಳ ಹೊತ್ತು ನೋಡಿ ಡಾಕ್ಟರು ಮೇಲೆದ್ದರು. “ಹುಳುಕೇನೂ ಕಾಣ್ಲಿಲ್ಲ. ಆದ್ರೆ ದಾರಿ ಒಳಗೆ ಹೋಗಿ ತಿರುಗಿಬಿಡುತ್ತೆ. ತಿರುವಿನಾಚೆ ಏನಿದೆಯೋ ಹೇಳೋಕಾಗಲ್ಲ.”

ಈಗ ಭಾವ ಸೀಟಿನಿಂದಿಳಿದ. ಬಂದು ಬೂಚಣ್ಣನ ಮುಂದೆ ನಿಂತು, ದನಿ ಏರಿಸದೆ ಹೇಳಿದ. “ನೋಡಯ್ಯಾ. ಬಿಚ್ಚಿದ ಮೇಲೆ ಕ್ಯಾರೆಟ್ ಸಿಕ್ಕಿದ್ರೆ ನೀನು ಬೀರುಗೆ ಹೋಗ್ತೀಯ. ನಾನು ಆಡಿದ ಮಾತು ಊರಿಗೆಲ್ಲ ಗೊತ್ತು. ಸಿಗದೇ ಇದ್ರೂ ಬೀರುಗೇ ಹೋಗ್ತೀಯ, ಜೋಡಿಸಿದ್ದನ್ನ ಸುಮ್ನೆ ಬಿಚ್ಚಿಸಿದ್ದಕ್ಕೆ. ಈಗ ಹೇಳು. ಬಿಚ್ಚಲಾ, ಸ್ಟಾರ್ಟ್ ಮಾಡಲಾ?”

ಬೂಚಣ್ಣ ಎಂಜಿನ್ನನ್ನು ನೋಡಿದ. ಅದರ ಮೈಮೇಲೆ ಒಂದು ಗೀರಿರಲಿಲ್ಲ. ಅದನ್ನು ಮತ್ತೆ ನೋಡುವ ಯೋಗ ತನಗಿಲ್ಲವೆಂದು ಗೊತ್ತಿದ್ದೇ ನೋಡಿದ.

“ಬಿಚ್ಚಿ ಭಾವ,” ಎಂದ. “ಆದ್ರೆ ಸ್ಪ್ಯಾನರಿಗೆ ಬಟ್ಟೆ ಸುತ್ಕೊಳ್ಳಿ. ಬಣ್ಣ ಹೋಗುತ್ತೆ.”

ರೋಗಿಗಳು ಕಾಯುತ್ತಿದ್ದುದರಿಂದ ಡಾಕ್ಟರು ಸಂಜೆ ಬರುವೆನೆಂದು ಹೊರಟುಹೋದರು. ಭಾವ ಬಿಚ್ಚತೊಡಗಿದ. ಪ್ರತಿ ಮೊಳೆಗೂ ಒಂದು ಬೈಗುಳ. ಮೊಳೆ ಬಿಗಿಯಾಗಿದ್ದರೆ ಎರಡು. ಬೂಚಣ್ಣ ಪಕ್ಕದಲ್ಲಿ ನಿಂತು ಸ್ಪ್ಯಾನರು ತಿರುಗಿದಾಗಲೆಲ್ಲ ತನ್ನ ಕಿವಿಯನ್ನೇ ಹಿಂಡಿದ ಹಾಗೆ ಮುಖ ಕಿವುಚುತ್ತಿದ್ದ. ಕಳಚಿದ ಭಾಗಗಳನ್ನು ಒಂದೊಂದಾಗಿ ಇಸಿದುಕೊಂಡು, ಒರೆಸಿ, ಎಣ್ಣೆ ಸವರಿ, ಕಾಗದ ಸುತ್ತಿಟ್ಟ. ಹೋಗುವ ಕೆಲಸವೇ ಆದರೂ ಅರ್ಧಕ್ಕೆ ಬಿಟ್ಟು ಹೋಗುವ ಅಭ್ಯಾಸ ಅವನಿಗಿರಲಿಲ್ಲ.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಬಿಚ್ಚಿ ಹರವಿದ ಎಂಜಿನ್ನನ್ನೂ ಗಂಡನನ್ನೂ ಅಣ್ಣನನ್ನೂ ನೋಡಿದಳು. ಡಬ್ಬಿಯನ್ನು ಕೆಳಗೂ ಇಡದೆ ಗೋಡೆಗೊರಗಿ ನಿಂತಳು. ಊಟ ಆರಿತು. ಬಿಸಿಲು ವಾಲಿತು. ಯಾರಿಗೂ ಹಸಿವಿರಲಿಲ್ಲ.

ಎಲ್ಲ ಕಳಚಿದ ಮೇಲೆ ಭಾವ ಎಣ್ಣೆಯ ದಾರಿಗೆ ಒಂದು ತಂತಿ ತೂರಿಸಿದ. ತಂತಿ ನಡುದಾರಿಯಲ್ಲಿ ನಿಂತಿತು. ಅವನು ಬೂಚಣ್ಣನ ಕಡೆ ನೋಡದೆ ಗಾಳಿಯ ಕೊಳವೆಯನ್ನು ಇನ್ನೊಂದು ತುದಿಗೆ ಒತ್ತಿಹಿಡಿದು ಗುಂಡಿಯೊತ್ತಿದ. ಒಳಗೇನೋ ಗೊರಗೊರ ಎಂದಿತು. ಆಮೇಲೆ ‘ಫಟ್’ ಎಂದು ಸದ್ದಾಗಿ, ಕಪ್ಪನೆಯದೊಂದು ಹಾರಿ ತಗಡಿನ ಸೂರಿಗೆ ಬಡಿದು, ಪುಟಿದು, ಬೆಂಚಿನ ಮೇಲೆ ಉರುಳಿ ನಿಂತಿತು.

ಮೂವರೂ ಅದರ ಸುತ್ತ ಬಗ್ಗಿದರು. ಬೆಂದು ಬೆಂದು ಕಲ್ಲಾದ ಕ್ಯಾರೆಟ್ ತುಂಡು. ಬೂಚಣ್ಣ ಅದನ್ನು ಬೆರಳ ತುದಿಯಲ್ಲಿ ಎತ್ತಿದ. ಅದಕ್ಕೆ ತಲೆಯೇ ಇರಲಿಲ್ಲ. ಎರಡೂ ತುದಿ ಓರೆಯಾಗಿ, ಒಂದೇ ಏಟಿಗೆ ಕತ್ತರಿಸಿದ ಹಾಗಿತ್ತು. ಆ ಓರೆ ಅವನಿಗೆ ಗೊತ್ತಿತ್ತು. ಮದುವೆಯಾದಂದಿನಿಂದ ದಿನವೂ ತಟ್ಟೆಯಲ್ಲಿ ಕಂಡದ್ದು. ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವಳು ಊಟದ ಡಬ್ಬಿಯ ಮುಚ್ಚಳವನ್ನು ನೋಡುತ್ತಿದ್ದಳು.

ಅವಳು ತಿಂದದ್ದು ನಿಜವೇ ಆಗಿತ್ತು. ಕೆಲಸದ ನಡುವೆ ಹಸಿವಾಗಿ ಡಬ್ಬಿಯಿಂದ ಒಂದನ್ನು ಬಾಯಿಗೆ ಹಾಕಿಕೊಂಡು, ಆಮೇಲೆ ಗಂಡನಿಗೆ ಲೆಕ್ಕ ತಪ್ಪಬಾರದೆಂದು ಅಡುಗೆಯ ಕ್ಯಾರೆಟ್ಟಿನಿಂದ ಒಂದು ತುಂಡು ಕತ್ತರಿಸಿ ಸೇರಿಸಿದ್ದಳು. ನಿನ್ನೆ ತಿಂದದ್ದನ್ನು ಹೇಳಿ, ಸೇರಿಸಿದ್ದನ್ನು ನುಂಗಿಕೊಂಡಿದ್ದಳು. ಅದನ್ನೂ ಹೇಳಿದ್ದರೆ ಅವನಿಗೆ ಸಿಕ್ಕ ಸಮಾಧಾನ ಮತ್ತೆ ಹೋಗುತ್ತಿತ್ತಲ್ಲ!

“ನನ್ನದೇ ಭಾವ,” ಎಂದ ಬೂಚಣ್ಣ. “ತಲೆ ಕೆತ್ತೋದು ಮರ್ತಿದ್ದೆ.” ಬೆಳಿಗ್ಗೆ ಜಾಗವಿಲ್ಲವೆಂದುಕೊಂಡ ಸುಳ್ಳಿಗೆ ಈಗ ಜಾಗ ತಾನಾಗಿ ಆಗಿತ್ತು.

ಭಾವ ತುಂಡನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಓರೆಯಾಗಿ ಹೆಚ್ಚುವುದು ಅಣ್ಣತಂಗಿಯರ ತಾಯಿಯ ಕೈಯ ರೂಢಿ. ತಾಯಿಯಿಂದ ಅದು ಬಂದದ್ದು ಒಬ್ಬಳೇ ಮಗಳಿಗೆ. ಭಾವ ಅಂಥ ತುಂಡುಗಳನ್ನು ತಿಂದೇ ಬೆಳೆದವನು.

“ಅಣ್ಣಾ, ಅದು...” ಎಂದು ಅವಳು ಬಾಯಿ ತೆರೆದಳು.

“ಸಿಕ್ತಾ?” ಬಾಗಿಲಲ್ಲಿ ಡಾಕ್ಟರ ದನಿ.

ಕ್ಯಾರೆಟ್ ಸಿಕ್ಕಿತೆಂದರೆ ಆಡಿದ ಮಾತನ್ನು ನಡೆಸಬೇಕು. ನಡೆಸಿದರೆ ತಂಗಿಯ ಕೈಯ ತಪ್ಪಿಗೆ ತಂಗಿಯ ಗಂಡ ಬೀರುವಿಗೆ ಹೋಗಬೇಕು. ಸಿಗಲಿಲ್ಲವೆಂದರೆ ಬೆಳಗಿನ ಸಿಟ್ಟಿನ ಮಾತನ್ನಾದರೂ ಮರೆತುಬಿಡಬಹುದು. ಭಾವ ಹಿಂದುಮುಂದು ನೋಡದೆ ಆ ತುಂಡನ್ನು ಬಾಯಿಗೆ ಎಸೆದುಕೊಂಡು, ತುಟಿ ಮುಚ್ಚಿ, ‘ಉಹೂಂ’ ಎಂದು ತಲೆಯಾಡಿಸಿದ.

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಮುಗಿಯುತ್ತಿತ್ತು. ಬಂದವರು ಹಲ್ಲಿನ ಡಾಕ್ಟರು.

“ಎಡಗೆನ್ನೆ ಊದಿದೆಯಲ್ರೀ! ನಾನು ಹೇಳಿದ್ನೋ ಇಲ್ವೋ? ಬೆಳಿಗ್ಗೆ ಇರ್ಲಿಲ್ಲ. ಎಲ್ಲಿ, ಆ ಅನ್ನಿ.”

‘ಉಹೂಂ.’

“ಮಗು ಥರ ಆಡ್ಬೇಡಿ. ಆ ಅನ್ನಿ.” ಕನ್ನಡಿ ಆಗಲೇ ಚೀಲದಿಂದ ಹೊರಬಂದಿತ್ತು.

ಭಾವನಿಗೆ ಉಳಿದದ್ದು ಒಂದೇ ದಾರಿ. ಕಣ್ಣು ಮುಚ್ಚಿ, ಬಲವೆಲ್ಲ ಹಾಕಿ ಕಚ್ಚಿದ. ‘ಕಟಕ್’ ಎಂಬ ಸದ್ದು ಶೆಡ್ಡಿನ ಮೂಲೆಮೂಲೆಗೂ ಕೇಳಿತು. ಮುರಿದದ್ದು ಕ್ಯಾರೆಟ್ಟಲ್ಲ. ಭಾವ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು, ಕಣ್ಣಲ್ಲಿ ನೀರು ತುಂಬಿ, ಎಲ್ಲವನ್ನೂ ಒಟ್ಟಿಗೆ ನುಂಗಿಬಿಟ್ಟ. ಆಮೇಲೆ ಬಾಯಿ ತೆರೆದ.

“ಅರೆ! ಅರ್ಧ ಹಲ್ಲೇ ಇಲ್ಲ. ಎಲ್ಲಿ ಹೋಯ್ತು?” ಎಂದರು ಡಾಕ್ಟರು.

“ಉದುರಿಹೋಯ್ತು,” ಎಂದು ಬೂಚಣ್ಣನ ಹೆಂಡತಿ ಅಣ್ಣನ ಪರವಾಗಿ ಉತ್ತರ ಕೊಟ್ಟಳು.

ಉಳಿದರ್ಧವನ್ನು ಡಾಕ್ಟರು ಅಂದೇ ತೆಗೆದುಹಾಕಿದರು. ಭಾವ ಕೆಲವು ದಿನ ಮಾತಾಡುವ ಹಾಗಿರಲಿಲ್ಲ. ಆ ದಿನಗಳಲ್ಲಿ ಅವನು ಮತ್ತೆ ಎಂಜಿನ್ನು ಜೋಡಿಸಿದ. ಬೂಚಣ್ಣ ಮೊಳೆ ಮೊಳೆಗೂ ಬಟ್ಟೆ ಹಿಡಿದ. ಕಾರು ಸ್ಟಾರ್ಟಾಯಿತು. ಡಾಕ್ಟರು ಹಾರ್ನ್ ಬಾರಿಸುತ್ತ ಹೊರಟರು. ಬೂಚಣ್ಣ ದಿನವೂ ಬೆಳಿಗ್ಗೆ ಹೋಗಿ, ‘ಬೀರು’ ಎಂಬ ಶಬ್ದ ಬರುತ್ತದೋ ಎಂದು ಭಾವನ ಬಾಯನ್ನೇ ಕಾಯುವನು. ಭಾವ ಬರಿಯ ಕೈಸನ್ನೆ ಮಾಡುವನು. ಆ ಸನ್ನೆಗಳಲ್ಲಿ ಬೀರುವಿಗೆ ಸನ್ನೆಯಿರಲಿಲ್ಲ.

ಬಾಯಿ ಬಿಟ್ಟ ದಿನ ಭಾವ ಹೇಳಿದ್ದು ಇಷ್ಟೇ. “ತಂಗೀನ ನಾಳೆಯಿಂದ ಇಲ್ಲಿಗೇ ಕರ್ಕೊಂಡು ಬಾ. ಮನೇಲಿ ಕೂತು ಬೂಚು ಸೇರಿಸೋಳು ನನ್ನ ಕಣ್ಣೆದುರಿಗೇ ಸೇರಿಸ್ಲಿ. ಸಂಬಳ ಕೊಡ್ತೀನಿ.”

ಈಗ ಶೆಡ್ಡಿನ ಕಿಟಕಿಯ ಬಳಿ ಅವಳಿಗೊಂದು ಮೇಜಿದೆ. ಬೂಚು ಕೆತ್ತುವುದು, ಒತ್ತುವುದು, ಆರಿಸುವುದು ಎಲ್ಲ ಅವಳದೇ. ಬೂಚಣ್ಣನಿಗೆ ಉಳಿದಿರುವುದು ಬಣ್ಣ ಮತ್ತು ಉಜ್ಜುವಿಕೆ. ಹೆಸರು ಮಾತ್ರ ಇನ್ನೂ ಅವನದೇ. ಅದರ ಬಗ್ಗೆ ಅವಳು ಆಗಾಗ ತಕರಾರು ತೆಗೆಯುವುದುಂಟು. ಅವಳು ಅಳೆಯುವುದಿಲ್ಲ. ತೂತಿನೊಳಗೆ ಕಿರುಬೆರಳು ಹಾಕಿ ತೆಗೆದು, ನೇರವಾಗಿ ಕೆತ್ತುತ್ತಾಳೆ. ಪ್ರತಿಯೊಂದಕ್ಕೂ ತಲೆಯಿರುತ್ತದೆ, ಪ್ರತಿ ತಲೆಯೂ ಓರೆಯಾಗಿರುತ್ತದೆ. ಅವನು ಅವಳು ನೋಡದಿದ್ದಾಗ ಕ್ಯಾಲಿಪರ್ ಹಿಡಿದು ಪರೀಕ್ಷಿಸುತ್ತಾನೆ. ಈವರೆಗೆ ತಪ್ಪು ಸಿಕ್ಕಿಲ್ಲ. ಅದು ಅವನಿಗೆ ಅಷ್ಟು ಸಮಾಧಾನದ ವಿಷಯವೂ ಅಲ್ಲ.

ಸದ್ಯಕ್ಕೆ ಹಳೆಯದೊಂದು ಬಸ್ಸಿನ ಎಂಜಿನ್ನು ಬಂದಿದೆ. ಅದರ ತೂತುಗಳು ಎಷ್ಟು ದೊಡ್ಡವೆಂದರೆ ಮೂಲಂಗಿಯೂ ನಾಚಿಕೊಳ್ಳುತ್ತದೆ. ಕುಂಬಳಕಾಯಿಯೇ ಬೇಕೆಂದು ಅವಳು. ಕುಂಬಳಕಾಯಿ ಒಣಗುವಾಗ ನಂಬಿಸಿ ಕೈಕೊಡುತ್ತದೆಂದು ಅವನು. ಬೆಳಗಿನಿಂದ ಇಬ್ಬರಿಗೂ ಮಾತಿಲ್ಲ. ಅವಳು ಮೇಜಿನ ಮೇಲೆ ಕುಂಬಳಕಾಯಿ ಇಟ್ಟುಕೊಂಡು ಕೆತ್ತುತ್ತಿದ್ದಾಳೆ. ಅವನು ಮುಖ ಗಂಟಿಕ್ಕಿಕೊಂಡು, ಅವಳ ಕೈಗೆ ನೆರಳು ಬೀಳದ ಹಾಗೆ, ದೀಪ ಹಿಡಿದು ನಿಂತಿದ್ದಾನೆ.